ಪಾಲ್ವಂಕರ್ ಬಾಲೂ: ಧಾರವಾಡದಲ್ಲಿ ಜನಿಸಿದ ಕ್ರಿಕೆಟ್ ಆಟಗಾರರ ಜೀವನ ಪರಿಚಯ

ಮಕ್ಕಳ ತಂಡ ಕ್ರೀಡೆಗಳಿಗೆ ಸಂಬಂಧಿಸಿದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಪೋಷಕರು, ದೈಹಿಕ ಶಿಕ್ಷಣ ಶಿಕ್ಷಕರು ಹಾಗೂ ಕ್ರೀಡಾ ಸಂಘಗಳ ಪದಾಧಿಕಾರಿಗಳ ಮಾಹಿತಿಗಾಗಿ ಶ್ರೀ ಪಾಲ್ವಂಕರ್ ಬಾಲೂರವರ ಜೀವನ ಪರಿಚಯವನ್ನು ಈ ಕೆಳಗೆ ನೀಡಲಾಗಿದೆ. ಗೆಲ್ಲಬೇಕೆಂಬ ಹಂಬಲ ಹೆಚ್ಚಾದಷ್ಟೂ ಆಟದಲ್ಲಿ ನ್ಯಾಯ ಕಡಿಮೆಯಾಗುತ್ತದೆ ಎಂಬ ಅಭಿಪ್ರಾಯವು ಪೋಷಕರಲ್ಲಿಯೂ ಶಿಕ್ಷಕರಲ್ಲಿಯೂ ಸಾಮಾನ್ಯವಾಗಿದೆ. ಬಾಲೂರವರ ಜೀವನವನ್ನು ಗಮನಿಸಿದಲ್ಲಿ ವಿಷಯವು ಅಷ್ಟು ಸರಳವಾಗಿಲ್ಲವೆಂದು ಕಂಡುಬರುತ್ತದೆ. ಅವರಿಗೆ ತಂಡದ ಬಾಗಿಲು ತೆರೆದದ್ದು ಎದುರಾಳಿಯನ್ನು ಸೋಲಿಸಲೇಬೇಕೆಂಬ ಹಟದಿಂದ. ಆದರೆ ಅದೇ ತಂಡದ ಊಟದ ಮೇಜಿನವರೆಗೆ ಹಾಗೂ ನಾಯಕತ್ವದವರೆಗೆ ಆ ಹಟವು ಅವರನ್ನು ಕರೆದೊಯ್ಯಲಿಲ್ಲ.

ಜನನ ಮತ್ತು ಬಾಲ್ಯ

ಬಾಲೂರವರು 1870ರ ದಶಕದ ಮಧ್ಯಭಾಗದಲ್ಲಿ ಧಾರವಾಡದಲ್ಲಿ ಜನಿಸಿದರು. ಧಾರವಾಡವು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಚರ್ಮದ ಕಸುಬಿನ ಅವರ ಸಮುದಾಯವನ್ನು ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿರಿಸಿತ್ತು. ತಂದೆಯವರು ಸೈನ್ಯದ ಸೇವೆಯಲ್ಲಿದ್ದುದರಿಂದ ಕುಟುಂಬವು ಪುಣೆಗೆ ತೆರಳಿತು. ಪುಣೆಯು ಬ್ರಿಟಿಷ್ ಸೇನಾಧಿಕಾರಿಗಳ ಪ್ರಮುಖ ನೆಲೆಯಾಗಿದ್ದು, ಸಂಜೆಯ ವೇಳೆ ಅಲ್ಲಿನ ಮೈದಾನಗಳಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಅಧಿಕಾರಿಗಳು ಬಳಸಿ ಬಿಟ್ಟ ಹಳೆಯ ಸಾಮಗ್ರಿಗಳಿಂದ ಬಾಲೂ ಮತ್ತು ಅವರ ತಮ್ಮ ಶಿವರಾಮರು ಆಟವನ್ನು ಕಲಿತರು. ಮುಂದೆ ಇನ್ನಿಬ್ಬರು ತಮ್ಮಂದಿರಾದ ಗಣಪತ್ ಹಾಗೂ ವಿಠ್ಠಲರೂ ಇದೇ ದಾರಿಯನ್ನು ಹಿಡಿದರು. ಒಂದೇ ಮನೆಯ ನಾಲ್ವರು ಸಹೋದರರು ಉನ್ನತ ಮಟ್ಟದ ಕ್ರಿಕೆಟ್ ಆಡಿದ್ದು ಅಪರೂಪದ ಸಂಗತಿ.

ಮೈದಾನದ ಕೆಲಸಗಾರ

ಬಾಲೂರವರ ಮೊದಲ ಉದ್ಯೋಗವು ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ ದೊರೆಯಿತು. ಪಿಚ್ಚನ್ನು ಗುಡಿಸುವುದು, ರೋಲರ್ ಎಳೆಯುವುದು ಮೊದಲಾದ ಕೆಲಸಗಳಿಗೆ ತಿಂಗಳಿಗೆ 3 ರೂಪಾಯಿ ವೇತನವಿತ್ತು. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ವೇತನವು 4 ರೂಪಾಯಿಗೆ ಏರಿತು. ಪಿಚ್ಚು ಸಿದ್ಧಪಡಿಸುವುದು, ಬಲೆ ಕಟ್ಟುವುದು, ಅಗತ್ಯವಿದ್ದಾಗ ಟೆನಿಸ್ ಅಂಕಣಕ್ಕೆ ಗೆರೆ ಎಳೆಯುವುದು ಅವರ ಕೆಲಸವಾಗಿತ್ತು. ಅಭ್ಯಾಸಕ್ಕೆ ಬಂದ ಸದಸ್ಯರಿಗೆ ಬೌಲ್ ಮಾಡುವ ಅವಕಾಶವೂ ಕ್ರಮೇಣ ಒದಗಿತು. ಎಡಗೈಯಿಂದ ನಿಧಾನಗತಿಯಲ್ಲಿ ಚೆಂಡನ್ನು ತಿರುಗಿಸುವ ಕಲೆ ಅವರಿಗೆ ಸಿದ್ಧಿಸಿದ್ದು ಈ ಬಲೆಗಳಲ್ಲಿಯೇ.

ಆ ಕ್ಲಬ್ಬಿನ ಪ್ರಮುಖ ಬ್ಯಾಟ್ಸ್‌ಮನ್ ಜೆ. ಜಿ. ಗ್ರೆಗ್ ಎಂಬ ಸೇನಾಧಿಕಾರಿಯು, ತಮ್ಮನ್ನು ಔಟ್ ಮಾಡಿದ ಪ್ರತಿ ಸಲಕ್ಕೂ ಬಾಲೂರವರಿಗೆ 8 ಆಣೆ ಕೊಡುತ್ತಿದ್ದರೆಂದು ಹೇಳಲಾಗುತ್ತದೆ. 16 ಆಣೆಗೆ ಒಂದು ರೂಪಾಯಿಯಂತೆ ಲೆಕ್ಕ ಹಾಕಿದಲ್ಲಿ ಗ್ರೆಗ್‌ರವರನ್ನು 8 ಸಲ ಔಟ್ ಮಾಡಿದರೆ ಒಂದು ತಿಂಗಳ ವೇತನಕ್ಕೆ ಸಮನಾದ ಹಣವಾಗುತ್ತಿತ್ತು. ಹೀಗೆ ಸ್ಪರ್ಧೆಯೇ ಅವರಿಗೆ ಗುರುವಾಯಿತು, ಅದೇ ಅನ್ನವನ್ನೂ ನೀಡಿತು. ಆದರೆ ವರ್ಷಗಟ್ಟಲೆ ಬೌಲ್ ಮಾಡಿದ ಬಾಲೂರವರ ಕೈಗೆ ಆ ಕ್ಲಬ್ಬಿನಲ್ಲಿ ಯಾರೂ ಒಂದು ದಿನವೂ ಬ್ಯಾಟನ್ನು ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರ ಹಕ್ಕು, ಬೌಲಿಂಗ್ ಕೂಲಿಯವರ ಕೆಲಸ ಎಂಬುದು ಅಂದಿನ ರೂಢಿಯಾಗಿತ್ತು.

ಈ ರೂಢಿಯು ಮಕ್ಕಳ ಆಟದಿಂದ ಸಂಪೂರ್ಣ ಮರೆಯಾಗಿಲ್ಲ. ಕೋಣನಕುಂಟೆ, ಜೆ.ಪಿ. ನಗರ, ಬನಶಂಕರಿ ಮೊದಲಾದ ಬಡಾವಣೆಗಳ ಖಾಲಿ ನಿವೇಶನಗಳಲ್ಲಿ ಬ್ಯಾಟು ಯಾರದೋ ಅವನಿಗೇ ಮೊದಲ ಬ್ಯಾಟಿಂಗ್ ಎಂಬ ನಿಯಮವನ್ನು ಯಾವ ಪುಸ್ತಕದಲ್ಲಿಯೂ ಬರೆದಿಲ್ಲವಾದರೂ ಮಕ್ಕಳೆಲ್ಲರೂ ಪಾಲಿಸುತ್ತಾರೆ. ಶಾಲಾ ತಂಡಗಳ ಅಭ್ಯಾಸದಲ್ಲಿಯೂ ಕೆಲವು ಮಕ್ಕಳು ಸಂಜೆಯಿಡೀ ಚೆಂಡು ಹೆಕ್ಕುವುದರಲ್ಲಿಯೇ ಕಳೆದು, ತಮ್ಮ ಸರದಿ ಬರುವಷ್ಟರಲ್ಲಿ ಕತ್ತಲಾಗಿ ಮನೆಗೆ ಮರಳುವುದುಂಟು. ಅಂಪೈರ್ ಇದನ್ನು ತಪ್ಪೆಂದು ಹೇಳುವಂತಿಲ್ಲ, ಏಕೆಂದರೆ ಆಟದ ನಿಯಮಗಳಲ್ಲಿ ಇದರ ಉಲ್ಲೇಖವೇ ಇಲ್ಲ.

ಪುಣೆಯ ಹಿಂದೂ ತಂಡದಲ್ಲಿ

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನು ಸೋಲಿಸಬೇಕೆಂಬ ಆಕಾಂಕ್ಷೆ ಬಲವಾಗಿತ್ತು. ಪೂನಾ ಕ್ಲಬ್ಬಿನ ಆಟಗಾರರ ಬ್ಯಾಟಿಂಗಿನ ಒಳಹೊರಗನ್ನು ಬಾಲೂರವರಷ್ಟು ಬಲ್ಲವರು ಬೇರಾರೂ ಇರಲಿಲ್ಲ. ಅವರನ್ನು ತಂಡಕ್ಕೆ ಸೇರಿಸಿಕೊಳ್ಳುವ ವಿಷಯದಲ್ಲಿ ಸದಸ್ಯರಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು. ಮೇಲ್ಜಾತಿಯ ಕೆಲವರು ವಿರೋಧಿಸಿದರು. ಕಡೆಗೆ ಗೆಲುವಿನ ಆಸೆಯೇ ಮೇಲುಗೈ ಸಾಧಿಸಿ ಬಾಲೂರವರು ತಂಡದ ಸದಸ್ಯರಾದರು.

ಮೈದಾನದೊಳಗೆ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಪರಿಸ್ಥಿತಿ ಬೇರೆಯಾಗಿತ್ತು. ಉಳಿದ ಆಟಗಾರರು ಪೆವಿಲಿಯನ್‌ನ ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಸೇವಿಸುವಾಗ ಬಾಲೂರವರಿಗೆ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ನೀಡಲಾಗುತ್ತಿತ್ತು. ಊಟಕ್ಕೆ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಜಾಗ. ಮುಖ ತೊಳೆಯುವ ನೀರನ್ನೂ ಅವರದೇ ಸಮುದಾಯದ ಆಳೊಬ್ಬನು ಮೈದಾನದ ಮೂಲೆಗೆ ತಂದುಕೊಡಬೇಕಾಗಿತ್ತು. ಅದೇ ದಿನ ಅವರು ಪಡೆದ ವಿಕೆಟ್‌ಗಳು ಮಾತ್ರ ತಂಡದ ಲೆಕ್ಕಕ್ಕೆ ಯಾವ ಪ್ರತ್ಯೇಕತೆಯೂ ಇಲ್ಲದೆ ಸೇರುತ್ತಿದ್ದವು.

ಸಾತಾರಾದಲ್ಲಿ ನಡೆದ ಪಂದ್ಯವೊಂದು ಈ ಸಂದರ್ಭದಲ್ಲಿ ಉಲ್ಲೇಖನೀಯವಾಗಿದೆ. ಬಾಲೂರವರ ಬೌಲಿಂಗ್‌ಗೆ ಹೆದರಿದ ಅಲ್ಲಿನ ಯುರೋಪಿಯನ್ ಜಿಮ್ಖಾನಾದವರು, ಚೆಂಡು ತಿರುಗದಂತೆ ಪಿಚ್ಚಿನ ಮೇಲೆ ದಿನಗಟ್ಟಲೆ ರೋಲರ್ ಓಡಿಸಿದ್ದರೆನ್ನಲಾಗಿದೆ. ಆದಾಗ್ಯೂ ಬಾಲೂರವರು 7 ವಿಕೆಟ್ ಪಡೆದು ತಂಡವನ್ನು ಗೆಲ್ಲಿಸಿದರು. ಪುಣೆಗೆ ಮರಳಿದ ನಂತರ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಾರ್ವಜನಿಕ ಸಭೆಯಲ್ಲಿ ಬಾಲೂರವರನ್ನು ಸನ್ಮಾನಿಸಿದರು. ಜೊತೆಯಲ್ಲಿ ಆಡಬಹುದಾದವನೊಂದಿಗೆ ಜೊತೆಯಲ್ಲಿ ಉಣ್ಣಲು ಏನು ಅಡ್ಡಿ ಎಂಬುದು ರಾನಡೆಯವರ ನಿಲುವಾಗಿತ್ತು. ತಂಡದೊಳಗಿನ ಅನ್ಯಾಯವನ್ನು ತಂಡದ ಹೊರಗಿನ ನ್ಯಾಯಾಧೀಶರೊಬ್ಬರು ಎತ್ತಿ ಹೇಳಬೇಕಾಗಿ ಬಂದಿತು.

ಮುಂಬಯಿಗೆ ಪ್ರಯಾಣ ಹಾಗೂ 1906ರ ಪಂದ್ಯ

1896ರಲ್ಲಿ ಪ್ಲೇಗ್ ರೋಗವು ಹರಡಿದ ಕಾಲದಲ್ಲಿ ಬಾಲೂರವರು ಮುಂಬಯಿಗೆ ತೆರಳಿದರು. ಅಲ್ಲಿ ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾದ ಪರವಾಗಿ ಆಡತೊಡಗಿದರು. ಇಲ್ಲಿಯೂ ಪ್ರಾರಂಭದಲ್ಲಿ ಆಕ್ಷೇಪಣೆಗಳಿದ್ದವು. ಅವು ನಿವಾರಣೆಯಾದ ನಂತರ, ಪುಣೆಗೆ ಹೋಲಿಸಿದಲ್ಲಿ ಹೆಚ್ಚು ಸಮಾನವಾದ ನಡವಳಿಕೆ ದೊರೆಯಿತು. ಜೀವನೋಪಾಯಕ್ಕಾಗಿ ರೈಲ್ವೆಯಲ್ಲಿ ಉದ್ಯೋಗ ಮಾಡಿ ಅದರ ತಂಡಕ್ಕೂ ಆಡಿದರು.

ಆ ಕಾಲದಲ್ಲಿ ಮುಂಬಯಿಯ ಕ್ರಿಕೆಟ್ ತಂಡಗಳು ಸಮುದಾಯದ ಆಧಾರದ ಮೇಲೆ ರಚನೆಯಾಗುತ್ತಿದ್ದವು. ಯುರೋಪಿಯನ್ನರು ಮತ್ತು ಪಾರ್ಸಿಗಳ ಪಂದ್ಯಗಳೊಂದಿಗೆ ಆರಂಭವಾದ ಈ ಪದ್ಧತಿಗೆ ಹಿಂದೂ ತಂಡ ಸೇರಿ 1907ರಲ್ಲಿ ತ್ರಿಕೋನ ಸರಣಿಯೂ, ಮುಸ್ಲಿಂ ತಂಡ ಸೇರಿ 1912ರಲ್ಲಿ ಚತುಷ್ಕೋನ ಸರಣಿಯೂ ಏರ್ಪಟ್ಟವು. ಇದಕ್ಕೂ ಮೊದಲು, 1906ರ ಫೆಬ್ರವರಿಯಲ್ಲಿ ಹಿಂದೂ ಮತ್ತು ಯುರೋಪಿಯನ್ ತಂಡಗಳು ಎದುರಾದವು. ಹಿಂದೂ ತಂಡವು ಎರಡು ಇನ್ನಿಂಗ್ಸ್‌ಗಳಲ್ಲಿ 242 ಹಾಗೂ 160 ರನ್ ಗಳಿಸಿತು. ಯುರೋಪಿಯನ್ನರು 191 ಹಾಗೂ 102 ರನ್‌ಗಳಿಗೆ ಔಟಾಗಿ, 109 ರನ್‌ಗಳ ಅಂತರದಿಂದ ಪರಾಭವಗೊಂಡರು. ಬಾಲೂರವರು ಒಟ್ಟು 8 ವಿಕೆಟ್ ಪಡೆದರು. ಸಹೋದರ ಶಿವರಾಮರೂ ಸದರಿ ತಂಡದಲ್ಲಿದ್ದರು. ಪರಕೀಯ ಆಡಳಿತದ ಕಾಲದಲ್ಲಿ ಬಂದ ಈ ಗೆಲುವು ಕ್ರೀಡಾ ಪುಟಗಳನ್ನು ದಾಟಿ ಪತ್ರಿಕೆಗಳ ಚರ್ಚೆಯ ವಿಷಯವಾಯಿತು. ಬಾಲೂರವರನ್ನು ತಂಡಕ್ಕೆ ಸೇರಿಸಿಕೊಂಡದ್ದನ್ನು ಸಮಾಜ ಸುಧಾರಕರು ವಿಶೇಷವಾಗಿ ಶ್ಲಾಘಿಸಿದರು.

1911ರ ಇಂಗ್ಲೆಂಡ್ ಪ್ರವಾಸ

1911ರಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಪ್ರವಾಸ ಕೈಗೊಂಡಿತು. ಬಾಲೂ ಮತ್ತು ಶಿವರಾಮರೊಂದಿಗೆ ಬೆಂಗಳೂರಿನ ಬಿ. ಜಯರಾಂರವರೂ ಈ ತಂಡದಲ್ಲಿದ್ದರು. ಆದ್ದರಿಂದ ಕರ್ನಾಟಕದ ಕ್ರಿಕೆಟ್ ಇತಿಹಾಸದಲ್ಲಿ ಈ ಪ್ರವಾಸಕ್ಕೆ ವಿಶೇಷ ಸ್ಥಾನವಿದೆ. ನಾಯಕತ್ವವನ್ನು ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್‌ರವರಿಗೆ ವಹಿಸಲಾಗಿತ್ತು. ಅವರಿಗೆ ಆಗ ಇನ್ನೂ 20 ವರ್ಷ ತುಂಬಿರಲಿಲ್ಲ. ಔತಣಕೂಟಗಳ ನಡುವೆ ಮೈದಾನಕ್ಕೆ ಅವರು ಬಂದದ್ದು ಕೆಲವೇ ಸಲ.

ತಂಡವು 23 ಪಂದ್ಯಗಳಲ್ಲಿ 15ರಲ್ಲಿ ಸೋತಿತು, 6ರಲ್ಲಿ ಗೆದ್ದಿತು. ಆದರೆ ಬಾಲೂರವರು ಒಬ್ಬರೇ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಪ್ರತಿ ವಿಕೆಟ್‌ಗೆ ಅವರು ನೀಡಿದ ರನ್‌ಗಳ ಸರಾಸರಿಯು 19ಕ್ಕಿಂತ ಕಡಿಮೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್‌ಗಳಿಗೆ 8 ವಿಕೆಟ್ ಕಬಳಿಸಿದರು. ಸಾಮರ್‌ಸೆಟ್ ವಿರುದ್ಧ ತಂಡವು ಒಂದು ವಿಕೆಟ್‌ನಿಂದ ಗೆದ್ದ ಪಂದ್ಯದಲ್ಲಿ ಶಿವರಾಮರು ಔಟಾಗದೆ 113 ರನ್ ಗಳಿಸಿದರು. ಪುಣೆಯ ಬಲೆಗಳಲ್ಲಿ ಬ್ಯಾಟು ಮುಟ್ಟಲು ಅವಕಾಶವಿಲ್ಲದಿದ್ದ ಅಣ್ಣನ ತಮ್ಮ ಅವರು ಎಂಬುದನ್ನು ಇಲ್ಲಿ ಸ್ಮರಿಸಬಹುದಾಗಿದೆ. ಸ್ವದೇಶಕ್ಕೆ ಮರಳಿದ ಬಾಲೂರವರಿಗೆ ಮುಂಬಯಿಯಲ್ಲಿ ಅವರ ಸಮುದಾಯದ ಜನತೆ ಅಭಿಮಾನದ ಸ್ವಾಗತ ನೀಡಿತು. ಆಗ ತರುಣರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್‌ರವರಿಗೂ ಬಾಲೂರವರ ಬಗ್ಗೆ ಅಪಾರ ಮೆಚ್ಚುಗೆ ಇತ್ತು.

ನಾಯಕತ್ವದ ಪ್ರಶ್ನೆ

ಇಷ್ಟು ಸಾಧನೆಯ ನಂತರ ಹಿಂದೂ ತಂಡದ ನಾಯಕತ್ವವು ಹಿರಿಯ ಹಾಗೂ ಅನುಭವಿ ಆಟಗಾರರಾದ ಬಾಲೂರವರಿಗೆ ಸಲ್ಲಬೇಕಾಗಿತ್ತು. ಅವರ ಅಭಿಮಾನಿಗಳು ವರ್ಷವರ್ಷವೂ ಈ ಬೇಡಿಕೆಯನ್ನು ಮುಂದಿಟ್ಟರು. ಆಯ್ಕೆದಾರರು ಪ್ರತಿ ಬಾರಿಯೂ ಮೇಲ್ಜಾತಿಯ ಬೇರೊಬ್ಬರನ್ನು ಆರಿಸಿದರು. 1913ರಲ್ಲಿ ನಾಯಕರಾದ ಎಂ. ಡಿ. ಪೈಯವರು ತಮ್ಮ ಸನ್ಮಾನ ಸಭೆಯಲ್ಲಿಯೇ ಈ ಗೌರವವು ಬಾಲೂರವರಿಗೆ ಸಲ್ಲಬೇಕಾಗಿತ್ತೆಂದು ತಿಳಿಸಿದರು. ತಮಗೆ ದೊರೆತ ಸ್ಥಾನದ ನಿಜವಾದ ಹಕ್ಕುದಾರರು ಮತ್ತೊಬ್ಬರು ಎಂದು ಹಾರ ಹಾಕಿಸಿಕೊಳ್ಳುವ ವೇದಿಕೆಯಲ್ಲಿ ಹೇಳುವುದು ಸುಲಭದ ಕೆಲಸವಲ್ಲ. ಪೈಯವರ ಈ ನಡೆಯು ಪಂದ್ಯದ ಯಾವ ದಾಖಲೆಯಲ್ಲಿಯೂ ಸೇರುವಂತಹದ್ದಲ್ಲವಾದರೂ ನ್ಯಾಯಯುತ ಆಟದ ವಿಷಯದಲ್ಲಿ ಅತ್ಯಂತ ಗಮನಾರ್ಹವಾಗಿದೆ.

1920ರಲ್ಲಿ ವಿಷಯವು ತೀವ್ರಗೊಂಡಿತು. ಬಾಲೂರವರನ್ನು ತಂಡದಿಂದಲೇ ಕೈಬಿಡಲಾಯಿತು. ಪೈಯವರು ಅನಾರೋಗ್ಯದಿಂದ ಆಡಲಾಗದಿದ್ದಾಗ ನಾಯಕತ್ವವನ್ನು ವಿಠ್ಠಲರಿಗೆ ನೀಡದೆ ಡಿ. ಬಿ. ದೇವಧರ್‌ರವರಿಗೆ ನೀಡಲಾಯಿತು. ಇದನ್ನು ಪ್ರತಿಭಟಿಸಿ ಶಿವರಾಮ ಮತ್ತು ವಿಠ್ಠಲರು ತಂಡದಿಂದ ಹಿಂದೆ ಸರಿದು, ಜಾತಿಯ ಕಾರಣಕ್ಕಾಗಿ ತಮ್ಮನ್ನು ಕಡೆಗಣಿಸಲಾಗಿದೆ ಎಂದು ಬಹಿರಂಗ ಹೇಳಿಕೆ ನೀಡಿದರು. ಸಾರ್ವಜನಿಕ ಚರ್ಚೆಯ ನಂತರ ಮುಂದಿನ ಪಂದ್ಯಕ್ಕೆ ರಾಜಿ ಏರ್ಪಟ್ಟು ಪೈಯವರು ನಾಯಕರಾಗಿಯೂ ಬಾಲೂರವರು ಉಪನಾಯಕರಾಗಿಯೂ ಮರಳಿದರು. ಪಂದ್ಯದ ಮಧ್ಯೆ ಪೈಯವರು ಮೈದಾನದಿಂದ ಹೊರನಡೆದಾಗ ತಂಡವನ್ನು ನಡೆಸುವ ಹೊಣೆ ಬಾಲೂರವರ ಮೇಲೆ ಬಿದ್ದಿತು. ಅವರ ಪಾಲಿಗೆ ಬಂದ ನಾಯಕತ್ವ ಅಷ್ಟೇ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಸೂಕ್ತ. ಪಂದ್ಯದ ಮಧ್ಯೆ ಆಟವನ್ನು ಬಿಟ್ಟು ಹೋಗುವುದು ಕ್ರೀಡಾ ಮನೋಭಾವಕ್ಕೆ ವಿರುದ್ಧವೆಂದು ಮಕ್ಕಳಿಗೆ ಕಲಿಸಲಾಗುತ್ತದೆ, ಅದು ಸರಿಯೂ ಹೌದು. ಶಿವರಾಮ ಮತ್ತು ವಿಠ್ಠಲರು ಮಾಡಿದ್ದು ಅದಲ್ಲ. ಅವರು ಅಂಪೈರ್ ತೀರ್ಪಿಗಾಗಲಿ ಸೋಲಿಗಾಗಲಿ ಮುನಿದಿರಲಿಲ್ಲ. ಕಾರಣವನ್ನು ಬಹಿರಂಗವಾಗಿ ತಿಳಿಸಿ, ತಮ್ಮ ಸ್ಥಾನವನ್ನು ತಾವೇ ಬಿಟ್ಟುಕೊಟ್ಟು ಆಯ್ಕೆಯ ಕ್ರಮವನ್ನು ಪ್ರಶ್ನಿಸಿದ್ದರು. ಆಡದೆ ಉಳಿದುದರಿಂದ ನಷ್ಟವಾದದ್ದು ಅವರಿಗೇ.

ಇದರ ಫಲ ದೊರೆತದ್ದು 1923ರಲ್ಲಿ. ಆ ವರ್ಷ ವಿಠ್ಠಲರು ಹಿಂದೂ ತಂಡದ ನಾಯಕರಾಗಿ ನೇಮಕಗೊಂಡರು. ತಂಡವು ಚತುಷ್ಕೋನ ಸರಣಿಯನ್ನು ಗೆದ್ದಾಗ ಮೇಲ್ಜಾತಿಯ ಅಭಿಮಾನಿಗಳೇ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೈದಾನದಿಂದ ಕರೆತಂದರು. ಬಾಲೂರವರು ಆ ವೇಳೆಗೆ ಆಟದಿಂದ ನಿವೃತ್ತರಾಗುವ ವಯಸ್ಸನ್ನು ದಾಟಿದ್ದರು.

ನಂತರದ ಜೀವನ

ಬಾಲೂರವರು ಮುಂದೆ ಸಾರ್ವಜನಿಕ ಜೀವನದಲ್ಲಿ ತೊಡಗಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಮುಂಬಯಿ ಶಾಸನ ಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ಡಾ. ಅಂಬೇಡ್ಕರ್‌ರವರ ವಿರುದ್ಧ ಸ್ಪರ್ಧಿಸಿದರು. ಅಂಬೇಡ್ಕರ್‌ರವರಿಗೆ 13,245 ಮತಗಳೂ ಬಾಲೂರವರಿಗೆ 11,225 ಮತಗಳೂ ದೊರೆತು, 2,020 ಮತಗಳಿಂದ ಬಾಲೂರವರು ಸೋತರು. ಒಂದು ಕಾಲಕ್ಕೆ ತಮ್ಮನ್ನು ಮೆಚ್ಚಿದ್ದವರೇ ಎದುರಾಳಿಯಾದ ಈ ಸ್ಪರ್ಧೆಯು ಅವರ ಜೀವನದ ವಿಚಿತ್ರ ತಿರುವುಗಳಲ್ಲೊಂದು.

ಭಾರತ ತಂಡವು ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಆಗ ಬಾಲೂರವರಿಗೆ 55 ವರ್ಷ ಮೀರಿತ್ತು. ಹೀಗಾಗಿ ಅವರ ಹೆಸರು ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಇರುವುದಿಲ್ಲ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರು 33 ಪಂದ್ಯಗಳಿಂದ 15.21ರ ಸರಾಸರಿಯಲ್ಲಿ 179 ವಿಕೆಟ್ ಗಳಿಸಿರುತ್ತಾರೆ.

ಬಾಲೂರವರು 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ಅಂತ್ಯಕ್ರಿಯೆಯಲ್ಲಿ ಅವರ ಸಮುದಾಯದ ಮುಖಂಡರೊಂದಿಗೆ ಮುಂಬಯಿಯ ಕ್ರಿಕೆಟ್ ಆಟಗಾರರೂ ಪಾಲ್ಗೊಂಡಿದ್ದರು.