ಜಪಾನಿಗೆ ಅಮೆರಿಕನ್ ಫುಟ್‌ಬಾಲ್ ತಂದ ಮೇಷ್ಟ್ರು: ಪಾಲ್ ರಶ್

ಫುಟ್‌ಬಾಲ್ ಅಂದ ಕೂಡಲೇ ನಮಗೆ ನೆನಪಾಗೋದು ಕಾಲಲ್ಲಿ ಒದೆಯುವ ದುಂಡು ಚೆಂಡು. ಆದರೆ ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ಫುಟ್‌ಬಾಲ್ ಕೂಡ ಇದೆ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡ್. ಇಲ್ಲಿಯವರು ಚಿಕ್ಕದಾಗಿ ‘ಅಮೆಫುಟೊ’ ಅಂತಾರೆ. ಈ ವರ್ಷ ನಮ್ಮ ಗೆಳೆಯನೊಬ್ಬ ಇಂಥ ಒಂದು ತಂಡ ಸೇರಿ ಕ್ವಾರ್ಟರ್‌ಬ್ಯಾಕ್ ಆಗಲು ಹೊರಟಿದ್ದಾನೆ. ಎಸೆದ ಚೆಂಡು ಗುರಿ ತಪ್ಪುತ್ತೆ, ಎಸೆಯೋ ಮೊದಲೇ ಎದುರಾಳಿಗಳು ಮೈಮೇಲೆ ಬೀಳ್ತಾರೆ, ಇನ್ನು ಸುಧಾರಿಸೋದು ಹೇಗೆ ಅನ್ನೋದು ಅವನ ಚಿಂತೆ. ಅವನಿಗಾಗಿ ಈ ಆಟದ ಬಗ್ಗೆ ಓದುತ್ತಾ ಹೋದಾಗ ನಮಗೆ ಎದುರಾದವರು ಪಾಲ್ ರಶ್.

ರಶ್ ಹುಟ್ಟಿದ್ದು 1897ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಬೆಳೆದದ್ದು ಕೆಂಟಕಿಯ ಲೂಯಿವಿಲ್ ಊರಿನಲ್ಲಿ. 1923ರ ಸೆಪ್ಟೆಂಬರ್ ಭೂಕಂಪದಲ್ಲಿ ಟೋಕಿಯೊ, ಯೊಕೊಹಾಮಾ ನೆಲಸಮವಾದವು. ಅಲ್ಲಿನ ವೈಎಂಸಿಎ ಕಟ್ಟಡಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ 1925ರಲ್ಲಿ ಬಂದವರು ರಶ್. ಕೆಲಸ ಮುಗಿದ ಮೇಲೆ ಊರಿಗೆ ಹೋಗಬೇಕಿತ್ತು, ಹೋಗಲಿಲ್ಲ. ಟೋಕಿಯೊದ ರಿಕ್ಕ್ಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ನಿಂತುಬಿಟ್ಟರು. ಸ್ವಲ್ಪ ದಿನ ಇದ್ದು ವಾಪಸ್ ಹೋಗ್ತೀವಿ ಅಂತ ಬಂದು ಬೇರು ಬಿಟ್ಟವರ ಕಥೆ ನಮಗೇನೂ ಹೊಸದಲ್ಲ ಬಿಡಿ.

ಆಗ ಟೋಕಿಯೊದ ಕಾಲೇಜುಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿಯಲ್ಲಿದ್ದ ಹುಡುಗರಿದ್ದರು. ಅಮೆರಿಕಕ್ಕೆ ವಲಸೆ ಹೋಗಿದ್ದ ಜಪಾನಿಗಳ ಮಕ್ಕಳು. ಇವರಿಗೆ ‘ನಿಸೇಯಿ’, ಅಂದರೆ ಎರಡನೇ ತಲೆಮಾರಿನವರು, ಅಂತ ಹೆಸರು. ಅಮೆರಿಕದಲ್ಲಿ ಎಷ್ಟು ಓದಿದರೂ ಒಳ್ಳೆಯ ಕೆಲಸ ಸಿಗೋದು ಕಷ್ಟ, ಆದ್ದರಿಂದ ಅಪ್ಪ ಅಮ್ಮ ಇವರನ್ನು ತಮ್ಮ ಊರಿಗೆ ಓದಲು ಕಳಿಸಿದ್ದರು. ಇಲ್ಲಿ ಬಂದರೆ ಮುಖ ಜಪಾನಿಯದು, ಮಾತು ಮಾತ್ರ ತೊದಲು. ಅಲ್ಲಿ ಜಪಾನಿ, ಇಲ್ಲಿ ಅಮೆರಿಕದವ. ರಜೆಗೆ ಊರಿಗೆ ಹೋದಾಗ ‘ಫಾರಿನ್ನಿನವರು’ ಅನ್ನಿಸಿಕೊಂಡು, ಇಲ್ಲಿಗೆ ಮರಳಿದಾಗ ‘ಹೊರಗಿನವರು’ ಆಗುವ ನಮಗೆ ಇದರ ಬಿಸಿ ಸ್ವಲ್ಪ ಗೊತ್ತು.

ಈ ಹುಡುಗರಲ್ಲಿ ಹಲವರಿಗೆ ಒಂದು ವಿದ್ಯೆ ಚೆನ್ನಾಗಿ ಬರುತ್ತಿತ್ತು. ಅದು ಅಮೆರಿಕದಲ್ಲಿ ಕಲಿತ ಫುಟ್‌ಬಾಲ್. ರಶ್ ಕಣ್ಣಿಗೆ ಬಿದ್ದದ್ದು ಅದೇ. ಹುಡುಗರಿಗೆ ಭಾಷೆ ಬರಲ್ಲ ಅಂತ ಮರುಗುತ್ತಾ ಕೂರುವ ಬದಲು ಏನು ಬರುತ್ತೆ ಅಂತ ನೋಡಿದರು. 1934ರಲ್ಲಿ ರಿಕ್ಕ್ಯೊ, ವಾಸೆದಾ, ಮೇಜಿ ವಿಶ್ವವಿದ್ಯಾಲಯಗಳ ತಂಡಗಳನ್ನು ಸೇರಿಸಿ ಟೋಕಿಯೊ ವಿದ್ಯಾರ್ಥಿಗಳ ಅಮೆರಿಕನ್ ಫುಟ್‌ಬಾಲ್ ಲೀಗ್ ಶುರುವಾಯಿತು. ಅದರ ಮುಂದಾಳು ರಶ್.

ಅದೇ ನವೆಂಬರ್ 29, ಟೋಕಿಯೊದ ಮೇಜಿ ಜಿಂಗು ಗಾಯಿಎನ್ ಕ್ರೀಡಾಂಗಣ. ಒಂದು ಕಡೆ ಯೊಕೊಹಾಮಾದಲ್ಲಿ ನೆಲೆಸಿದ್ದ ವಿದೇಶಿಯರ ಕ್ಲಬ್ಬಿನ ತಂಡ, ಇನ್ನೊಂದು ಕಡೆ ನಮ್ಮ ಈ ವಿದ್ಯಾರ್ಥಿಗಳು. ಸಾವಿರಾರು ಜನ ಕಂಡು ಕೇಳದ ಆಟ ನೋಡಲು ಸೇರಿದ್ದರು. ವಿದ್ಯಾರ್ಥಿಗಳು 26-0 ಅಂತರದಲ್ಲಿ ಗೆದ್ದರು! ಎರಡೂ ಕಡೆಗೆ ಸಲ್ಲದ ಹುಡುಗರು ಆವತ್ತು ಜಪಾನಿಗೆ ಒಂದು ಹೊಸ ಆಟ ಕೊಟ್ಟರು.

ಈ ಸಂತೋಷ ಬಹಳ ಕಾಲ ಉಳಿಯಲಿಲ್ಲ. ಯುದ್ಧ ಬಂತು. ಇಂಗ್ಲಿಷ್ ಶತ್ರುಗಳ ಭಾಷೆಯಾಯಿತು. ಆಟದ ಹೆಸರನ್ನೇ ‘ಗಾಯಿಕ್ಯೂ’, ಅಂದರೆ ಕವಚದ ಚೆಂಡಾಟ, ಅಂತ ಬದಲಿಸಿದರು. ಕೊನೆಗೆ ಆಟವೇ ನಿಂತಿತು. ಜಪಾನಿನಲ್ಲಿದ್ದ ನಿಸೇಯಿ ಹುಡುಗರಲ್ಲಿ ಎಷ್ಟೋ ಜನ ಜಪಾನಿನ ಸೈನ್ಯ ಸೇರಬೇಕಾಯಿತು, ಅವರ ಒಡಹುಟ್ಟಿದವರು ಅಮೆರಿಕದ ಶಿಬಿರಗಳಲ್ಲಿ ಬಂಧಿಗಳು. ರಶ್ ಅವರನ್ನೂ ಬಂಧನದಲ್ಲಿಟ್ಟು 1942ರಲ್ಲಿ ಅಮೆರಿಕಕ್ಕೆ ಸಾಗಹಾಕಿದರು.

1945ರಲ್ಲಿ ಅವರು ಅಮೆರಿಕದ ಸೈನ್ಯದ ಅಧಿಕಾರಿಯಾಗಿ ಮರಳಿ ಬಂದರು. ಟೋಕಿಯೊ ಮತ್ತೆ ಬೂದಿಯಾಗಿತ್ತು. ಮತ್ತೆ ಮೊದಲಿನಿಂದ ಶುರು. ಆಟ ಚೇತರಿಸಿಕೊಂಡಿತು. ಜಪಾನಿನ ದೊಡ್ಡ ಪಂದ್ಯವಾದ ರೈಸ್ ಬೌಲ್ ಆರಂಭವಾದದ್ದು 1948ರಲ್ಲಿ. ಆದರೆ ರಶ್ ಮನಸ್ಸು ಇನ್ನೊಂದು ಕಡೆಗೂ ಎಳೆಯುತ್ತಿತ್ತು. ಯಮನಾಶಿ ಪ್ರಾಂತದ ಕಿಯೊಸಾಟೊ ಎಂಬ ಗುಡ್ಡಗಾಡಿನಲ್ಲಿ ಅವರು 1938ರಲ್ಲೇ ‘ಸೇಯಿಸೆನ್‌ರ್ಯೊ’ ಎಂಬ ಶಿಬಿರದ ಮನೆ ಕಟ್ಟಿಸಿದ್ದರು. ಟೋಕಿಯೊಗೆ ನೀರು ಕೊಡುವ ಓಗೊಚಿ ಅಣೆಕಟ್ಟಿಗಾಗಿ ಊರು ಬಿಟ್ಟ ಕುಟುಂಬಗಳು ಅದೇ ವರ್ಷ ಆ ಚಳಿಯ ನಾಡಿಗೆ ಬಂದು ಕಾಡು ಕಡಿದು ನೆಲೆಸಿದ್ದವು. ಶರಾವತಿಯ ಲಿಂಗನಮಕ್ಕಿ ನೀರಲ್ಲಿ ಊರು ಮುಳುಗಿಸಿಕೊಂಡವರ ಪಾಡು ಕೇಳಿ ಬೆಳೆದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ಭತ್ತ ಬೆಳೆಯಲು ಕಷ್ಟವಾದ ಆ ನೆಲದಲ್ಲಿ ರಶ್ ಹೈನುಗಾರಿಕೆ ತಂದರು, ಜೆರ್ಸಿ ಹಸು ತರಿಸಿದರು, ಚಳಿಗೆ ಒಗ್ಗುವ ತರಕಾರಿ ಬೆಳೆಸಿದರು. ಇಲ್ಲೂ ಅದೇ ರೀತಿ: ಇಲ್ಲದ್ದಕ್ಕೆ ಕೊರಗದೆ ಇದ್ದದ್ದನ್ನು ಹುಡುಕೋದು. ಇಂದು ಕಿಯೊಸಾಟೊಗೆ ಹೋದವರು ಆ ಹಾಲಿನ ಐಸ್‌ಕ್ರೀಮ್ ತಿನ್ನದೆ ಬರಲ್ಲ. ಯಾವ ಕೆಲಸ ಹಿಡಿದರೂ ಶಕ್ತಿ ಮೀರಿ ಮಾಡಬೇಕು, ಮಾಡಿದ್ದು ಮೊದಲ ದರ್ಜೆಯದಾಗಿರಬೇಕು ಅನ್ನೋದು ಅವರ ಪಾಲಿಸಿ. 1979ರ ಡಿಸೆಂಬರ್ 12ರಂದು ಟೋಕಿಯೊದಲ್ಲಿ ತೀರಿಕೊಂಡರು.

ಈಗ ನಮ್ಮ ಗೆಳೆಯನ ವಿಷಯಕ್ಕೆ ಬರೋಣ. ಈ ಆಟದಲ್ಲಿ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಪ್ರತಿ ಸಲವೂ ಚೆಂಡು ಮೊದಲು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ. ತೋಳ್ಬಲ ಇದ್ದರೆ ಸಾಕು ಅಂತ ಅವನು ಅಂದುಕೊಂಡಿದ್ದ. ಅವನ ತಂಡದ ಹಿರಿಯರು ಮೊದಲು ಕಾಲು ಸರಿ ಮಾಡಿಸಿದರು. ಮುಂದಿನ ಪಾದ ಗುರಿಯ ಕಡೆ ಇಡಬೇಕು, ಸೊಂಟ ತಿರುಗಬೇಕು, ತೋಳು ಆಮೇಲೆ. ಹತ್ತಿರದ ಎಸೆತ ನೂರು ಸಲ ಸರಿ ಬಂದ ಮೇಲೆಯೇ ದೂರದ್ದು. ಚೆಂಡು ಕೈಗೆ ಬರುವ ಮೊದಲೇ ಎದುರಾಳಿಗಳು ಎಲ್ಲಿ ನಿಂತಿದ್ದಾರೆ ಅಂತ ನೋಡಿಟ್ಟುಕೊಳ್ಳಬೇಕು. ಮೊದಲ ಜೊತೆಗಾರನಿಗೆ ದಾರಿ ಮುಚ್ಚಿದ್ದರೆ ಎರಡನೆಯವನು, ಅವನೂ ಇಲ್ಲದಿದ್ದರೆ ಮೂರನೆಯವನು. ಯಾರೂ ಸಿಗದಿದ್ದರೆ ಹಟ ಮಾಡದೆ ಸುರಕ್ಷಿತವಾಗಿ ಆಚೆ ಎಸೆದು ಮುಂದಿನ ಪ್ರಯತ್ನಕ್ಕೆ ಉಳಿಯಬೇಕು. ತಲೆಗೆ ಪೆಟ್ಟು ಬಿದ್ದರೆ ಮುಚ್ಚಿಡದೆ ಕೋಚ್‌ಗೆ ಹೇಳಲೇಬೇಕು. ಮತ್ತೆ, ಕುಣಿಯಲಾರದವಳು ನೆಲ ಡೊಂಕು ಅಂದಂತೆ, ತನ್ನನ್ನು ಕಾಯುವ ಐದು ಜನರ ಮೇಲೆ ತಪ್ಪು ಹೊರಿಸಬಾರದು.

ಇವೆಲ್ಲದರ ನಡುವೆ ನಮಗೆ ಮುಖ್ಯ ಅನ್ನಿಸಿದ್ದು ನೋಡುವ ಕಣ್ಣು. ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈಗೆ ಚೆಂಡು ಕೊಟ್ಟರೆ ತಂಡ ಮುಂದೆ ಹೋಗುತ್ತೆ ಅಂತ ನೋಡೋದು. ರಶ್ ಜೀವನವಿಡೀ ಮಾಡಿದ್ದು ಇದನ್ನೇ.

ರೈಸ್ ಬೌಲ್‌ನ ಅತ್ಯುತ್ತಮ ಆಟಗಾರನಿಗೆ ಇವತ್ತಿಗೂ ಕೊಡೋದು ಪಾಲ್ ರಶ್ ಕಪ್. ನಮ್ಮ ಗೆಳೆಯ ಅಷ್ಟು ದೂರ ಹೋಗ್ತಾನೋ ಇಲ್ಲವೋ, ಸದ್ಯಕ್ಕೆ ಬೆಂಚಿನ ಮೇಲಿದ್ದಾನೆ. ಆದರೆ ಮೊನ್ನೆ ಅಭ್ಯಾಸದ ಪಂದ್ಯದಲ್ಲಿ ಅವನು ಮೂರನೆಯವನನ್ನು ಹುಡುಕಿ ಎಸೆದ. ಚೆಂಡು ಸೀದಾ ಕೈಗೆ ಹೋಯಿತು. ಅಂಚಿನಲ್ಲಿ ನಿಂತಿದ್ದ ನಾವು ಕನ್ನಡದಲ್ಲೇ ಕೂಗಿದೆವು.