ಹಡಗಿನ ಬುತ್ತಿಯ ಲೆಕ್ಕ

ಮಂಗಳೂರಿನ ಆರ್ಥಿಕ ಚರಿತ್ರೆಯಲ್ಲಿ ಅರಸರಷ್ಟೇ ನೆನೆಯಬೇಕಾದ ಹೆಸರು ಅಬ್ರಹಾಂ ಬೆನ್ ಯಿಜುವಿನದು. ಟ್ಯುನೀಷಿಯಾ ಮೂಲದ ಈ ಯಹೂದಿ ವರ್ತಕ ಏಡನ್ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದು, 1132ರಿಂದ 1149ರ ನಡುವಣ ಬಹುಕಾಲವನ್ನು ಇಲ್ಲಿಯೇ ಕಳೆದನು. ಕಂಚಿನ ಕಾರ್ಖಾನೆ ನಡೆಸಿದನು. ಕಾಳುಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸಿದನು. ಅಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿ ಸಂಸಾರ ಹೂಡಿದನು. ಅವನ ಸೇವಕ ಬೊಮ್ಮನನ್ನು 1992ರಲ್ಲಿ ಅಮಿತಾವ್ ಘೋಷ್ ಜಗತ್ತಿಗೆ ಪರಿಚಯಿಸಿದರು.

ನನ್ನನ್ನು ಸೆಳೆದುದು ಅವನ ಪ್ರಯಾಣದ ಸಾಮಾನುಪಟ್ಟಿ. ಅಂದಿನ ಹಾಯಿಹಡಗಿನಲ್ಲಿ ಪ್ರಯಾಣಿಕನ ಊಟ ಅವನದೇ ಹೊಣೆ. ಏಡನ್ ಸೇರಲು ವಾರಗಳೇ ಬೇಕು. ನಡುವೆ ಅಂಗಡಿಯಿಲ್ಲ, ಬಾವಿಯಿಲ್ಲ. ಆದ್ದರಿಂದ ಅಕ್ಕಿ, ಎಣ್ಣೆ, ವಿನೆಗರ್, ನಿಂಬೆ ಉಪ್ಪಿನಕಾಯಿ, ಅಡುಗೆ ಪಾತ್ರೆ, ನೀರು ತುಂಬುವ ತೊಟ್ಟಿ ಎಲ್ಲವನ್ನೂ ಅವನು ಬರೆದಿಟ್ಟನು. 2018ರಲ್ಲಿ ಎಲಿಜಬೆತ್ ಲ್ಯಾಂಬೋರ್ನ್ ಈ ಒಂದು ಪಟ್ಟಿಯ ಮೇಲೆ ಇಡೀ ಗ್ರಂಥವನ್ನೇ ರಚಿಸಿದರು. ಕರಾವಳಿಯ ಅಕ್ಕಿಯೂ ಉಪ್ಪಿನಕಾಯಿಯೂ ಸಮುದ್ರವ್ಯಾಪಾರಕ್ಕೆ ಇಂಧನವಾಗಿದ್ದವೆಂಬುದಕ್ಕೆ ಇದಕ್ಕಿಂತ ಆಪ್ತವಾದ ಸಾಕ್ಷ್ಯ ಬೇಕೆ?

ಆದರೆ ಆ ಹಾಳೆ ಉಳಿದುದು ಮಂಗಳೂರಿನಲ್ಲಲ್ಲ, ಕೈರೋದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ. ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದೆಂಬ ಸಂಪ್ರದಾಯ ಲೆಕ್ಕದ ಚೀಟಿಗಳನ್ನೂ ಕಾಪಾಡಿತು.

ಸುಳ್ಯದ ಆಲೆಟ್ಟಿಯಂತಹ ಅಡಿಕೆಯ ಊರುಗಳಲ್ಲಿಯೂ ಹಳೆಯ ಜಮಾಖರ್ಚಿನ ಪುಸ್ತಕಗಳಿವೆ. ಅವು ಗುಜರಿಗೆ ಹೋಗುವ ಮುನ್ನ ಪಂಚಾಯಿತಿ ಗ್ರಂಥಾಲಯಗಳು ಸಂಗ್ರಹಿಸಲಿ. ಅರಸರ ಶಾಸನಗಳನ್ನು ಕಲ್ಲು ಕಾಯುತ್ತದೆ. ಅಡುಗೆಮನೆಯ ಲೆಕ್ಕವನ್ನು ನಾವೇ ಕಾಯಬೇಕು.