ಎರೆಮಣ್ಣಿನ ಜೋಡೆತ್ತು

ಮಕ್ಕಳೇ, ಗಣಪತಿ ಹಬ್ಬ ನಿಮಗೆ ಗೊತ್ತು. ದೀಪಾವಳಿಗೆ ಹಣತೆ ಹಚ್ಚಿದ್ದೀರಿ, ಯುಗಾದಿಗೆ ಬೇವು ಬೆಲ್ಲ ತಿಂದಿದ್ದೀರಿ. ಮಣ್ಣೆತ್ತಿನ ಅಮಾವಾಸ್ಯೆಯ ಹೆಸರನ್ನು ಮಾತ್ರ ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಅದಕ್ಕೆ ಯಾರೂ ಹಾಲ್ ಬಾಡಿಗೆ ಹಿಡಿಯುವುದಿಲ್ಲ, ವೇದಿಕೆ ಕಟ್ಟುವುದಿಲ್ಲ. ಅದು ಮನೆಯೊಳಗಿನ ಹಬ್ಬ. ಪುರೋಹಿತರು ಬೇಕಿಲ್ಲ, ಮಂತ್ರ ಬಾರದಿದ್ದರೂ ಸರಿಯೇ. ಬೇಕಾದದ್ದು ಮಣ್ಣು, ನೀರು ಮತ್ತು ಕೊಳೆ ಮಾಡಿಕೊಳ್ಳಲು ಅಂಜದ ಕೈಗಳು. ಹಾಗಾಗಿ ಇದರಷ್ಟು ಮಕ್ಕಳಿಗೆ ಒಪ್ಪುವ ಹಬ್ಬ ನಮ್ಮ ಪಂಚಾಂಗದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಈ ಹಬ್ಬವನ್ನು ಕುರುಗೋಡಿನಿಂದ ಶುರುಮಾಡಿ ಹೇಳುತ್ತೇನೆ. ಬಳ್ಳಾರಿ ಜಿಲ್ಲೆಯ ಈ ಊರು ಬಂಡೆಗಲ್ಲಿನ ಬೆಟ್ಟಗಳ ಮಗ್ಗುಲಲ್ಲಿದೆ. 12ನೇ ಶತಮಾನದ ಹೊತ್ತಿಗೆ ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರು ಇಲ್ಲಿಂದ ಆಳುತ್ತಿದ್ದರು. ಊರಿನ ದೈವ ದೊಡ್ಡ ಬಸವೇಶ್ವರ. ಒಂದೇ ಕಲ್ಲಿನಲ್ಲಿ ಕಡೆದ ಭಾರಿ ನಂದಿ ಅದು, ದೊಡ್ಡವರೂ ಕತ್ತು ಮೇಲೆತ್ತಿಯೇ ಮುಖ ನೋಡಬೇಕು. ತೇರಿನ ದಿನ ಸುತ್ತಲಿನ ಹಳ್ಳಿಗಳೆಲ್ಲ ಇಲ್ಲಿ ಸೇರುತ್ತವೆ. ಈ ಭಾಗದ ಮನೆಗಳಲ್ಲಿ ದೊಡ್ಡಬಸಪ್ಪ, ದೊಡ್ಡಬಸವನಗೌಡ ಎಂಬ ಹೆಸರಿನವರು ಸಿಗದೆ ಇರುವುದಿಲ್ಲ. ಆ ದೊಡ್ಡ ಬಸವಣ್ಣ ಗುಡಿ ಬಿಟ್ಟು ಕದಲುವವನಲ್ಲ. ಆದರೆ ಜ್ಯೇಷ್ಠ ಮಾಸದ ಕೊನೆಯ ದಿನ, ಅಮಾವಾಸ್ಯೆಯಂದು, ಅಂಗೈಯಗಲದ ಬಸವಣ್ಣ ಜೋಡಿಯಾಗಿ ಮನೆಮನೆಗೂ ಬರುತ್ತಾನೆ.

ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಇದು ಜೂನ್ ಇಲ್ಲವೇ ಜುಲೈ. 2024ರಲ್ಲಿ ಜುಲೈ 5ಕ್ಕೆ ಬಂದಿತ್ತು, 2025ರಲ್ಲಿ ಜೂನ್ 25ಕ್ಕೆ. ಇದಕ್ಕೆ ಹದಿನೈದು ದಿನ ಮೊದಲು ಕಾರಹುಣ್ಣಿಮೆ. ಅಂದು ಕೊಟ್ಟಿಗೆಯ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ಸಂಜೆ ಕರಿ ಹರಿಯುತ್ತಾರೆ, ಅಂದರೆ ಎತ್ತುಗಳನ್ನು ಓಡಿಸಿ ಅಡ್ಡ ಕಟ್ಟಿದ ತೋರಣ ಹರಿಸುತ್ತಾರೆ. ನಿಮ್ಮ ತೆಲುಗು ಗೆಳೆಯರ ಮನೆಯಲ್ಲಿ ಕೇಳಿದರೆ ಅದೇ ಹುಣ್ಣಿಮೆಯನ್ನು ಏರುವಾಕ ಎನ್ನುತ್ತಾರೆ. ಮರಾಠಿ ಗೆಳೆಯರ ಎತ್ತಿನ ಹಬ್ಬ ಪೋಳಾ ಶ್ರಾವಣದ ಅಮಾವಾಸ್ಯೆಗೆ ಬರುತ್ತದೆ. ಕಾರಹುಣ್ಣಿಮೆ ಬದುಕಿರುವ ಎತ್ತಿಗೆ, ಈ ಅಮಾವಾಸ್ಯೆ ಮಣ್ಣಿನ ಎತ್ತಿಗೆ.

ಬಳ್ಳಾರಿ ಸೀಮೆಯ ಹೊಲ ಎರೆಹೊಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಕಪ್ಪು ಮಣ್ಣು, ರೋಹಿಣಿ ಮೃಗಶಿರ ಮಳೆ ಬಿದ್ದ ಮೇಲೆ ಉಬ್ಬಿ ಅಂಟಂಟಾಗುತ್ತದೆ, ನಡೆದರೆ ಚಪ್ಪಲಿಯನ್ನೇ ಎಳೆದುಕೊಳ್ಳುತ್ತದೆ. ಎತ್ತು ಮಾಡಲು ಅದೇ ಹದ. ಹೊಲದಿಂದಲೋ ಕೆರೆಯಿಂದಲೋ ತಂದ ಮಣ್ಣಿನಲ್ಲಿ ಕಲ್ಲು, ಬೇರು ಆರಿಸಿ, ನೀರು ಚಿಮುಕಿಸಿ, ರೊಟ್ಟಿ ಹಿಟ್ಟಿನಂತೆ ನಾದುತ್ತಾರೆ. ಮೊದಲು ಮೈ, ಆಮೇಲೆ ನಾಲ್ಕು ಗಿಡ್ಡ ಕಾಲು. ಕೊಂಬಿನೊಳಗೆ ಕಸಬರಿಗೆಯ ಕಡ್ಡಿ ಸಿಕ್ಕಿಸಿದರೆ ಮುರಿಯುವುದಿಲ್ಲ. ಇಣಿಯನ್ನು, ಅಂದರೆ ಹೆಗಲ ಮೇಲಿನ ಡುಬ್ಬವನ್ನು, ಮರೆಯಬೇಡಿ. ಅದಿಲ್ಲದಿದ್ದರೆ ನೀವು ಮಾಡಿದ್ದು ನಮ್ಮ ನಾಡಿನ ಎತ್ತಾಗುವುದಿಲ್ಲ. ಕಣ್ಣಿಗೆ ಜೋಳದ ಕಾಳು ಒತ್ತುತ್ತಾರೆ. ಕೆಲವು ಮನೆಗಳಲ್ಲಿ ಕೆಂಪು ಗುಲಗಂಜಿ ಇಡುವುದುಂಟು, ಆದರೆ ಆ ಬೀಜ ಬಲು ವಿಷ. ಪುಟ್ಟ ತಮ್ಮ ತಂಗಿಯರಿರುವ ಮನೆಯಲ್ಲಿ ಅದು ಬೇಡವೇ ಬೇಡ, ಮೆಣಸಿನ ಕಾಳು ಸಾಕು. ಕೊನೆಗೆ ಎತ್ತಿನ ಮುಂದಿಡಲು ಮಣ್ಣಿನದೇ ಗೋದಲಿ, ಅಂದರೆ ಮೇವಿನ ತೊಟ್ಟಿ.

ಮಾಡಲು ಬಿಡುವಿಲ್ಲದವರ ಮನೆಗೆ ಕುಂಬಾರರು ಬುಟ್ಟಿಯಲ್ಲಿ ಜೋಡೆತ್ತು ಹೊತ್ತು ತರುತ್ತಿದ್ದರು. ಮನೆಯವರು ಮೊರದಲ್ಲಿ ಜೋಳ ಸುರಿಯುತ್ತಿದ್ದರು, ದುಡ್ಡಿನ ಮಾತಿರಲಿಲ್ಲ. ಈಗ ಸಂತೆಯಲ್ಲಿ ಬಣ್ಣ ಬಳಿದ ಎತ್ತುಗಳು ಕಾಸಿಗೆ ಸಿಗುತ್ತವೆ. ಚೆಂದವಾಗಿಯೇ ಇರುತ್ತವೆ, ಆದರೂ ಮಗು ಮಾಡಿದ ಸೊಟ್ಟ ಕೊಂಬಿನ ಎತ್ತನ್ನೇ ನಾನು ಜಗಲಿಯ ಮೇಲೆ ಮುಂದಿಡುತ್ತೇನೆ.

ಪೂಜೆ ಸರಳ. ಬೆಳಿಗ್ಗೆ ಮೈತೊಳೆದು, ಜಗಲಿ ಸಾರಿಸಿ, ಮಣೆಯ ಮೇಲೆ ಜೋಡಿಯನ್ನು ಕೂಡಿಸುತ್ತಾರೆ. ಹಣೆಗೆ ವಿಭೂತಿ, ಕುಂಕುಮ, ಕೊರಳಿಗೆ ಹೂವು, ಗೋದಲಿಯ ತುಂಬ ಜೋಳ. ಬೇಳೆ ಹೋಳಿಗೆ ಎಡೆ ಹಿಡಿದು, ಕಾಯಿ ಒಡೆದು, ಆರತಿ ಎತ್ತುತ್ತಾರೆ. ಈ ವರ್ಷ ಮಳೆ ಬೆಳೆ ಚೆನ್ನಾಗಿ ಆಗಲಪ್ಪ ಬಸವಣ್ಣ ಎಂದು ಮನೆಯ ಹಿರಿಯರು ಕೈ ಮುಗಿಯುತ್ತಾರೆ. ಬಿತ್ತನೆಯ ದಿನಗಳಲ್ಲಿ ಇದಕ್ಕಿಂತ ದೊಡ್ಡ ಬೇಡಿಕೆ ರೈತನಿಗಿಲ್ಲ. ಮಣ್ಣಿನ ದೇವರುಗಳ ಸಾಲು ಶುರುವಾಗುವುದೂ ಇಲ್ಲಿಂದಲೇ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ನಿಮಗೆ ಗೊತ್ತಿರುವ ಗಣಪ, ಅವನ ಬೆನ್ನಿಗೇ ಜೋಕುಮಾರ. ಮಳೆಗಾಲವಿಡೀ ಮಣ್ಣು ದೇವರಾಗಿ ಬಂದು ನೀರಿಗೆ ಮರಳುತ್ತದೆ.

ಈ ಸೀಮೆಗೂ ಎತ್ತಿಗೂ ಇರುವ ನಂಟು ಎಷ್ಟು ಹಳೆಯದೆಂದು ನೋಡಬೇಕಾದರೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಿಗೆ ಹೋಗಬೇಕು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ಕಬ್ಬಿಣ ಗೊತ್ತಿರದ ಕಾಲದಲ್ಲಿ, ಕಲ್ಲಿನ ಕೊಡಲಿ ಮಾಡಿಕೊಂಡು ದನ ಸಾಕುತ್ತಿದ್ದ ಜನ ಇಲ್ಲಿದ್ದರು. ಕಪ್ಪಗಲ್ಲಿನ ಕಪ್ಪು ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ, ಎತ್ತರ ಇಣಿಯ ದನಗಳನ್ನು ಇಂದಿಗೂ ಕಾಣಬಹುದು. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ! ಹತ್ತಿರದ ಕುಡತಿನಿಯಲ್ಲಿ ಬೂದಿದಿಬ್ಬವಿದೆ. ದನದ ದೊಡ್ಡಿಯಲ್ಲಿ ತಲೆಮಾರುಗಟ್ಟಲೆ ಬಿದ್ದ ಸಗಣಿಯನ್ನು ಗುಡ್ಡೆ ಹಾಕಿ ಸುಟ್ಟು ಆದ ದಿಬ್ಬ ಅದು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಬೆಟ್ಟಗಳನ್ನು ಸುತ್ತಿ ಕಲ್ಲಿನ ಆಯುಧಗಳನ್ನು ಹುಡುಕಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963ರಿಂದ 1965ರವರೆಗೆ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅವರು ಅಗೆದು ಆ ಜನರ ವಸತಿಯನ್ನೇ ಹೊರತೆಗೆದರು. ರಜೆಗೆ ಊರಿಗೆ ಹೋದಾಗ ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವನ್ನು ನೋಡಿ ಬನ್ನಿ. ನೀವು ಮಣ್ಣಿನಲ್ಲಿ ತಿದ್ದುವ ಇಣಿಯನ್ನು ಆ ಹಳೆಯ ಕಾಲದ ಜನ ಬಂಡೆಯ ಮೇಲೆ ತಿದ್ದಿದ್ದರು.

ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗೆ ಹರಿದ ಮೇಲೆ ಈ ಕಡೆಯ ಚಿತ್ರ ಬದಲಾಯಿತು. ಜೋಳ, ಹತ್ತಿಯ ಜೊತೆಗೆ ಭತ್ತ, ಮೆಣಸಿನಕಾಯಿ ಬಂತು, ನಿಧಾನಕ್ಕೆ ಟ್ರ್ಯಾಕ್ಟರೂ ಬಂತು. ಇವತ್ತು ಎಷ್ಟೋ ಒಕ್ಕಲುಮನೆಗಳ ಕೊಟ್ಟಿಗೆಯಲ್ಲಿ ಎತ್ತಿಲ್ಲ. ಎತ್ತೇ ಇಲ್ಲದ ಮೇಲೆ ಹಬ್ಬ ಯಾಕೆ ಎನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಮುತ್ತಜ್ಜರ ಕಾಲದ ಒಂದೊಂದು ಸೇರು ಜೋಳಕ್ಕೂ ಎತ್ತಿನ ಹೆಗಲು ಸವೆದಿದೆ. ಕುರುಗೋಡಿನಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವರೂ ಜೋಡೆತ್ತು ತಂದು ಪೂಜಿಸುತ್ತಾರಲ್ಲ, ಕೊಟ್ಟಿಗೆಯೇ ಇಲ್ಲದ ನಾವೂ ಪೂಜಿಸಬಹುದು.

ನಿಮ್ಮಲ್ಲಿ ಎರೆಮಣ್ಣು ಸಿಗದಿದ್ದರೆ ಹಿತ್ತಲಿನ ಜಿಗುಟು ಮಣ್ಣು ಆದೀತು. ಒಣಗುವಾಗ ಸೀಳುತ್ತಿದ್ದರೆ ಸ್ವಲ್ಪ ಸಣ್ಣ ಮರಳು ಬೆರೆಸಿ, ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಿ. ಬಣ್ಣಕ್ಕೆ ಅರಿಸಿನ, ಕುಂಕುಮ ಸಾಕು. ಪ್ಲಾಸ್ಟಿಕ್ಕಿನ ಬಣ್ಣ ಬಳಿದರೆ ಎತ್ತು ನೀರಿನಲ್ಲಿ ಕರಗುವುದಿಲ್ಲ. ಹೋಳಿಗೆ ಕಷ್ಟವೆನಿಸಿದರೆ ಅಮ್ಮನಿಗೆ ಗೋಧಿ ಹುಗ್ಗಿ ಮಾಡಲು ಹೇಳಿ, ಬಸವಣ್ಣ ಬೇಡ ಎನ್ನುವುದಿಲ್ಲ.

ಅಮಾವಾಸ್ಯೆಯ ಮರುದಿನದ ಆಟವನ್ನು ಮಾತ್ರ ಬಿಡಬೇಡಿ. ಊರಿನ ಹುಡುಗರು ಬೇಕೆಂದೇ ಒಂದು ಕಾಲು ಮುರಿದ ಕುಂಟೆತ್ತು ಮಾಡಿ, ಅದನ್ನು ಹಲಗೆಯ ಮೇಲಿಟ್ಟು, ನಮ್ಮ ಎತ್ತು ಕುಂಟುತ್ತಿದೆ, ಜೋಳ ನೀಡಿರಿ ಎಂದು ಹಾಡುತ್ತ ಮನೆಮನೆ ತಿರುಗುತ್ತಾರೆ. ಬಂದ ಕಾಳು ಮಾರಿ ಮಂಡಕ್ಕಿ, ಶೇಂಗಾ, ಬೆಲ್ಲ ಕೊಂಡು ಎಲ್ಲರೂ ಹಂಚಿ ತಿನ್ನುತ್ತಾರೆ. ಆಮೇಲೆ ಎತ್ತುಗಳನ್ನು ಬಾವಿಗೋ ಹಳ್ಳಕ್ಕೋ ಬಿಡುತ್ತಾರೆ, ಕೆಲವರು ಮಳೆಗೆ ಕರಗಲೆಂದು ಮಾಳಿಗೆಯ ಮೇಲಿಡುತ್ತಾರೆ. ಗೆಳೆಯರ ನಾಲ್ಕು ಮನೆಗಳು ಒಂದೇ ಬೀದಿಯಲ್ಲೋ ಹತ್ತಿರದಲ್ಲೋ ಇದ್ದರೆ ನೀವೂ ಹಲಗೆ ಹಿಡಿದು ಹೊರಡಿ. ದೊಡ್ಡವರೇ, ಬಾಗಿಲಿಗೆ ಕುಂಟೆತ್ತು ಬಂದಾಗ ಚಾಕೊಲೇಟ್ ಕೊಟ್ಟು ಕಳಿಸಬೇಡಿ. ಒಂದು ಬೊಗಸೆ ಕಾಳೇ ಹಾಕಿ.